ರೇಷನ್ ಅಕ್ಕಿಯ ಜೊತೆಗೆ ಕಾಳು, ಸೊಪ್ಪು, ರಾಗಿ: ಕಡಿಮೆ ಸಂಪಾದನೆಯ ಮನೆಗೆ ತಿಂಗಳ ಊಟದ ಲೆಕ್ಕ

ಕೋಲಾರದ ನರಸಾಪುರ, ವೇಮಗಲ್, ತುಮಕೂರಿನ ವಸಂತನರಸಾಪುರ, ಚಿಕ್ಕಬಳ್ಳಾಪುರದ ಗೌರಿಬಿದನೂರು ಕಡೆ ಕಾರ್ಖಾನೆ, ಗಾರ್ಮೆಂಟ್ಸ್, ಕೂಲಿ ನಂಬಿಕೊಂಡ ಮನೆಗಳಲ್ಲಿ ಇವತ್ತು ಅಕ್ಕಿಗೆ ಮೊದಲಿನಷ್ಟು ಪರದಾಟ ಇಲ್ಲ. ಪಡಿತರ ಚೀಟಿ ಇದ್ದರೆ ಅನ್ನ ಹೇಗೋ ಆಗುತ್ತದೆ. ತೊಂದರೆ ಇರುವುದು ಅನ್ನದ ಪಕ್ಕದಲ್ಲಿ. ಬೆಳಿಗ್ಗೆ ಟೀ ಮತ್ತು ಬನ್ನು, ಮಧ್ಯಾಹ್ನ ಅನ್ನಕ್ಕೆ ತಿಳಿಸಾರು, ಸಂಜೆ ಮಕ್ಕಳ ಕೈಯಲ್ಲಿ ಐದು ರೂಪಾಯಿಯ ಚಿಪ್ಸು, ರಾತ್ರಿ ಮತ್ತೆ ಅನ್ನ. ಹೊಟ್ಟೆ ತುಂಬಿದರೂ ಪ್ರೋಟೀನು, ಕಬ್ಬಿಣ, ಕ್ಯಾಲ್ಸಿಯಂ ಮೈಗೆ ಸಾಲುವುದಿಲ್ಲ. ಸುಸ್ತು, ಕೈಕಾಲು ಸೆಳೆತ, ಹೆಣ್ಣುಮಕ್ಕಳಲ್ಲಿ ರಕ್ತ ಕಡಿಮೆ, ಮಕ್ಕಳು ಬೆಳೆಯದೆ ಇರುವುದು, ಇವೆಲ್ಲಕ್ಕೂ ಇಂಥ ಊಟ ಒಂದು ದೊಡ್ಡ ಕಾರಣ.

ಈ ಮೂರೂ ಜಿಲ್ಲೆಗಳಲ್ಲಿ ರಾಗಿ, ಹುರುಳಿ, ಅವರೆ, ಅಲಸಂದೆ, ಕಡಲೆಕಾಯಿ, ಹತ್ತಾರು ಬಗೆಯ ಸೊಪ್ಪು ಬೆಳೆಯುತ್ತವೆ. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಸತ್ವ ಕೊಡುವ ಪದಾರ್ಥ ಪ್ಯಾಕೆಟ್ಟಿನಲ್ಲಿ ಸಿಗುವುದಿಲ್ಲ. ಅಕ್ಕಿಯಲ್ಲಿ ಉಳಿದ ದುಡ್ಡು ಮೊದಲು ಕಾಳಿಗೆ, ಆಮೇಲೆ ಸೊಪ್ಪಿಗೆ ಹೋಗಬೇಕು. ಈ ಲೇಖನದ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ. ಕೆಳಗೆ ಬರೆದ ಬೆಲೆಗಳು ಲೆಕ್ಕ ಹಾಕುವ ಕ್ರಮ ತೋರಿಸಲು ಮಾತ್ರ. ನಿಮ್ಮ ಅಂಗಡಿಯ ಇವತ್ತಿನ ಬೆಲೆ ಹಾಕಿಕೊಂಡು ನೋಡಿ.

ಮೊದಲು ದುಡ್ಡು ಎಲ್ಲಿ ಸೋರುತ್ತಿದೆ ನೋಡಿ

ಒಂದು ವಾರ ಮನೆಗೆ ಬಂದ ಪ್ರತಿ ಪ್ಯಾಕೆಟ್ಟಿನ ಖಾಲಿ ಕವರನ್ನು ಒಂದು ಚೀಲಕ್ಕೆ ಹಾಕಿಡಿ. ಬಿಸ್ಕತ್ತು, ಚಿಪ್ಸು, ಕುರ್ಕಲು ತಿಂಡಿ, ಜ್ಯೂಸ್ ಪೊಟ್ಟಣ, ನೂಡಲ್ಸ್, ಸಾರಿನ ಪುಡಿ, ಎಲ್ಲವೂ. ಭಾನುವಾರ ಬೆಲೆ ಕೂಡಿ. ಇಬ್ಬರು ಮಕ್ಕಳು ದಿನಕ್ಕೆ ಐದು ರೂಪಾಯಿಯ ಎರಡೆರಡು ಪ್ಯಾಕೆಟ್ ತಿಂದರೆ ದಿನಕ್ಕೆ 20, ತಿಂಗಳಿಗೆ 600 ರೂಪಾಯಿ. ಐದೈದು ರೂಪಾಯಿಯಾಗಿ ಹೋಗುವುದರಿಂದ ಇದು ಕಣ್ಣಿಗೆ ಬೀಳುವುದಿಲ್ಲ. ಅದೇ 600ಕ್ಕೆ 2 ಕೆಜಿ ಹುರುಳಿ (160), 30 ಮೊಟ್ಟೆ (210), 1 ಕೆಜಿ ಕಡಲೆಕಾಯಿ ಬೀಜ (140) ಬಂದು ಸೊಪ್ಪಿಗೆ 90 ಉಳಿಯುತ್ತದೆ.

ಮಕ್ಕಳಿಗೆ ಒಮ್ಮೆಲೇ ಪ್ಯಾಕೆಟ್ ನಿಲ್ಲಿಸಿದರೆ ರಂಪ ಆಗುತ್ತದೆ. ಶಾಲೆಯಿಂದ ಬರುವ ಹೊತ್ತಿಗೆ ಅವರಿಗೆ ನಿಜವಾಗಿ ಹಸಿವಾಗಿರುತ್ತದೆ. ಆ ಹೊತ್ತಿಗೆ ಕೈಗೆ ಸಿಗುವಂತೆ ಬೇರೆ ತಿಂಡಿ ಇಲ್ಲದಿದ್ದರೆ ಅಂಗಡಿಗೇ ಓಡುತ್ತಾರೆ. ಒಂದು ಡಬ್ಬಿಯಲ್ಲಿ ಹುರಿಗಡಲೆ, ಹುರಿದ ಕಡಲೆಕಾಯಿ ಬೀಜ, ಬೆಲ್ಲದ ಚೂರು ಬೆರೆಸಿಟ್ಟು ದಿನಕ್ಕೊಂದು ಹಿಡಿ ಕೊಡಿ. ಹಿಡಿ ಎಂದರೆ 35ರಿಂದ 40 ಗ್ರಾಂ. ಐದು ವರ್ಷದೊಳಗಿನ ಮಗುವಿಗೆ ಇಡೀ ಬೀಜ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ; ಪುಡಿ ಮಾಡಿ ಬೆಲ್ಲದ ಜೊತೆ ಕೊಡಿ. ವಾರಕ್ಕೊಂದು ದಿನ ಅಂಗಡಿ ತಿಂಡಿ ಎಂದು ಗೊತ್ತುಮಾಡಿದರೆ ಉಳಿದ ದಿನದ ಜಗಳ ಮೆಲ್ಲಗೆ ಕಡಿಮೆಯಾಗುತ್ತದೆ.

ಹತ್ತು ರೂಪಾಯಿಗೆ ಎಷ್ಟು ಪ್ರೋಟೀನು?

ಯಾವುದು ಅಗ್ಗ, ಯಾವುದು ದುಬಾರಿ ಎಂದು ಕೆಜಿ ಬೆಲೆ ನೋಡಿ ಹೇಳಲಾಗದು. ಹತ್ತು ರೂಪಾಯಿಗೆ ಎಷ್ಟು ಗ್ರಾಂ ಪ್ರೋಟೀನು ಬರುತ್ತದೆ ಎಂದು ನೋಡಬೇಕು. ಹುರುಳಿ ಕೆಜಿಗೆ 80 ರೂಪಾಯಿ ಇದ್ದರೆ ಹತ್ತು ರೂಪಾಯಿಗೆ 125 ಗ್ರಾಂ ಕಾಳು. ಹುರುಳಿಯಲ್ಲಿ ನೂರು ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನು ಇರುವುದರಿಂದ ಸಿಗುವುದು 27 ಗ್ರಾಂ. ಇದೇ ರೀತಿ 130ರ ತೊಗರಿಬೇಳೆಯಲ್ಲಿ 17, 140ರ ಕಡಲೆಕಾಯಿ ಬೀಜದಲ್ಲಿ 17, 110ರ ಹುರಿಗಡಲೆಯಲ್ಲಿ 19ರ ಆಸುಪಾಸು, 7 ರೂಪಾಯಿಯ ಮೊಟ್ಟೆಯಲ್ಲಿ 9, ಲೀಟರಿಗೆ 48 ರೂಪಾಯಿಯ ಹಾಲಿನಲ್ಲಿ ಆರೂವರೆ ಗ್ರಾಂ. ಕೆಜಿಗೆ 130ರ ಸೋಯಾ ಚಂಕ್ಸ್ ಹತ್ತು ರೂಪಾಯಿಗೆ 40 ಗ್ರಾಂ ಕೊಡುತ್ತದೆ. ಕಾರ್ಖಾನೆಯಿಂದ ಬಂದದ್ದೆಲ್ಲ ಕೆಟ್ಟದ್ದಲ್ಲ ಎಂಬುದಕ್ಕೆ ಇದೇ ಸಾಕ್ಷಿ. ವಾರಕ್ಕೆ ಎರಡು ಸಲ ಪಲಾವಿಗೋ ಸಾರಿಗೋ ಹಾಕಿದರೆ ಬೇಳೆಯ ಖರ್ಚು ಇಳಿಯುತ್ತದೆ.

ಈಗ ಮಕ್ಕಳು ಎತ್ತರ ಬೆಳೆಯುತ್ತಾರೆ ಎಂದು ಮಾರುವ ಹಾಲಿಗೆ ಬೆರೆಸುವ ಪುಡಿ. ಕೆಜಿಗೆ 450 ಎಂದರೆ ಹತ್ತು ರೂಪಾಯಿಗೆ ಎರಡು ಗ್ರಾಂ ಪ್ರೋಟೀನು ಸಿಕ್ಕರೆ ಹೆಚ್ಚು. ಜೊತೆಗೆ ಅದರಲ್ಲಿ ಬೇಕಾದಷ್ಟು ಸಕ್ಕರೆ. ಕೂಲಿ ದುಡ್ಡಲ್ಲಿ ಇದನ್ನು ಕೊಳ್ಳುವ ತಾಯಂದಿರು ಮಗುವಿನ ಮೇಲಿನ ಅಕ್ಕರೆಯಿಂದಲೇ ಕೊಳ್ಳುತ್ತಾರೆ, ಅದಕ್ಕೇ ಇದನ್ನು ಬಿಡಿಸಿ ಹೇಳಬೇಕಾಗಿದೆ: ಆ ಡಬ್ಬಿಯ ದುಡ್ಡಿಗೆ ತಿಂಗಳಿಡೀ ಮಗುವಿಗೆ ದಿನಕ್ಕೊಂದು ಮೊಟ್ಟೆ ಬಂದು, ಇನ್ನೂ ದುಡ್ಡು ಮಿಗುತ್ತದೆ.

ಕಾಳಿನ ಪ್ರೋಟೀನು ಅನ್ನ ಅಥವಾ ಮುದ್ದೆಯ ಜೊತೆ ಸೇರಿದಾಗ ಪೂರ್ತಿ ಕೆಲಸಕ್ಕೆ ಬರುತ್ತದೆ. ಧಾನ್ಯದಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಅಂಶ ಕಾಳಿನಲ್ಲಿದೆ. ಕಾಳಿನಲ್ಲಿ ಕಡಿಮೆ ಇರುವುದು ಧಾನ್ಯದಲ್ಲಿದೆ. ಮುದ್ದೆಗೆ ಹುರುಳಿ ಸಾರು ಒಳ್ಳೆಯ ಜೋಡಿ ಆಗಿರುವುದು ಬರೀ ರುಚಿಗಲ್ಲ.

ರೇಷನ್ ಅಂಗಡಿಯಲ್ಲಿ

ಆದ್ಯತಾ (ಬಿಪಿಎಲ್) ಚೀಟಿಗೆ ಕೇಂದ್ರದ ಪಾಲು ತಲೆಗೆ 5 ಕೆಜಿ, ಅಂತ್ಯೋದಯ ಚೀಟಿಗೆ ಮನೆಗೆ 35 ಕೆಜಿ. ಅನ್ನಭಾಗ್ಯದ ರಾಜ್ಯದ ಪಾಲು ಇದರ ಮೇಲೆ. ರಾಯಚೂರು, ಕಲಬುರಗಿ ಕಡೆಯಿಂದಲೋ ಬೇರೆ ರಾಜ್ಯದಿಂದಲೋ ನರಸಾಪುರಕ್ಕೆ ಕೆಲಸಕ್ಕೆ ಬಂದವರು ಊರಿಗೆ ಹೋಗಿಯೇ ಅಕ್ಕಿ ತರಬೇಕಿಲ್ಲ. ಕೇಂದ್ರದ ಪಾಲನ್ನು ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲೇ ಹೆಬ್ಬೆಟ್ಟು ಕೊಟ್ಟು ಪಡೆಯಬಹುದು. ತೂಕ ಕಣ್ಣೆದುರಿಗೆ ಹಾಕಿಸಿ, ರಸೀದಿ ಕೇಳಿ. ಕಡಿಮೆ ಕೊಟ್ಟರೆ 1967ಕ್ಕೆ ಕರೆ ಮಾಡಬಹುದು. ಅಕ್ಕಿಯ ಬದಲು ಸ್ವಲ್ಪ ರಾಗಿ ಕೊಟ್ಟ ತಿಂಗಳು ಬೇಡ ಎನ್ನಬೇಡಿ.

ಅಕ್ಕಿಯ ನಡುವೆ ತುಸು ಬೆಳ್ಳಗೆ, ಒಂದೇ ಅಳತೆಯಲ್ಲಿ ಕಾಣುವ, ನೀರಿಗೆ ಹಾಕಿದರೆ ತೇಲುವ ಕಾಳುಗಳು ಇರುವುದುಂಟು. ಪ್ಲಾಸ್ಟಿಕ್ ಅಕ್ಕಿ ಎಂದು ಆರಿಸಿ ಬಿಸಾಡುವವರು ಬಹಳ. ಅದು ಸಾರವರ್ಧಿತ ಅಕ್ಕಿ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಕ್ಕಿಯ ಆಕಾರಕ್ಕೆ ಒತ್ತಿ, ನೂರು ಕಾಳಿಗೆ ಒಂದರಂತೆ ಬೆರೆಸಿರುತ್ತಾರೆ. ಆರಿಸಿ ಎಸೆದರೆ ಪುಕ್ಕಟೆ ಬಂದ ಕಬ್ಬಿಣ ಕಸಕ್ಕೆ ಹೋಯಿತು. ಅಕ್ಕಿಯನ್ನು ಒಂದೆರಡು ನೀರಲ್ಲಿ ಮಾತ್ರ ತೊಳೆಯಿರಿ. ತೇಲಿದ್ದನ್ನು ಚೆಲ್ಲಬೇಡಿ. ಗಂಜಿ ಬಸಿಯುವ ಪದ್ಧತಿ ಇದ್ದರೆ ಆ ಗಂಜಿಗೆ ಉಪ್ಪು, ಮಜ್ಜಿಗೆ ಹಾಕಿ ಕುಡಿಯಿರಿ.

ಹೆಚ್ಚಾದ ಅಕ್ಕಿಯನ್ನು ಏಜೆಂಟರಿಗೆ ಕೆಜಿಗೆ ಹತ್ತೋ ಹದಿನೈದೋ ರೂಪಾಯಿಗೆ ಕೊಟ್ಟು ಸೋನಾಮಸೂರಿ ತರುವುದು ಎರಡು ಕಡೆಯಿಂದ ನಷ್ಟ, ಕಾನೂನಿಗೂ ವಿರುದ್ಧ. ದಪ್ಪ ಅಕ್ಕಿ ಅನ್ನಕ್ಕೆ ಹಿಡಿಸದಿದ್ದರೆ ಇಡ್ಲಿ, ದೋಸೆಗೆ ಹಾಕಿ. ಮೂರು ಪಾಲು ಅಕ್ಕಿ, ಒಂದು ಪಾಲು ಉದ್ದು, ಒಂದು ಚಮಚ ಮೆಂತ್ಯ. ಉದ್ದು ದುಬಾರಿಯಾದಾಗ ಹೆಸರುಕಾಳು ಒಂದು ಪಾಲು ಹಾಕಿ ಪೆಸರಟ್ಟು ತರಹ ಹುಯ್ಯಬಹುದು.

ನಾಲ್ಕು ಜನರ ಮನೆಗೆ ತಿಂಗಳ ಸಾಮಾನು

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ, ಸಾಧಾರಣ ಕೆಲಸದ ಒಬ್ಬರಿಗೆ ದಿನಕ್ಕೆ 250 ಗ್ರಾಂ ಧಾನ್ಯ, 85 ಗ್ರಾಂ ಕಾಳು-ಬೇಳೆ, 400 ಗ್ರಾಂ ತರಕಾರಿ-ಸೊಪ್ಪು, 300 ಮಿಲಿ ಹಾಲು ಬೇಕು. ಉಪ್ಪು 5 ಗ್ರಾಂ ದಾಟಬಾರದು. ಕಲ್ಲು ಹೊರುವವರಿಗೆ, ಹೊಲದಲ್ಲಿ ದುಡಿಯುವವರಿಗೆ ಧಾನ್ಯ ಇನ್ನೂ ಹೆಚ್ಚು ಬೇಕು. ಕಡಿಮೆ ಸಂಪಾದನೆಯಲ್ಲಿ ಹಾಲು, ತರಕಾರಿ ಆ ಅಳತೆಗೆ ಮುಟ್ಟುವುದು ಕಷ್ಟ. ಕೆಳಗಿನ ಪಟ್ಟಿಯನ್ನು ಅದಕ್ಕೆ ಹತ್ತಿರ ಬರುವಂತೆ ಹೊಂದಿಸಿದೆ (ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು, ಅಕ್ಕಿ ರೇಷನ್ನಿನದು):

- ರಾಗಿ 12 ಕೆಜಿ: 480
- ಹುರುಳಿ 2 ಕೆಜಿ: 160
- ಅಲಸಂದೆ ಅಥವಾ ಅವರೆಕಾಳು ಒಂದೂವರೆ ಕೆಜಿ: 150
- ಹೆಸರುಕಾಳು 1 ಕೆಜಿ: 120
- ತೊಗರಿಬೇಳೆ ಒಂದೂವರೆ ಕೆಜಿ: 195
- ಸೋಯಾ ಚಂಕ್ಸ್ ಅರ್ಧ ಕೆಜಿ: 65
- ಹುರಿಗಡಲೆ 1 ಕೆಜಿ: 110
- ಕಡಲೆಕಾಯಿ ಬೀಜ 2 ಕೆಜಿ: 280
- ಮೊಟ್ಟೆ 50: 350
- ಹಾಲು ದಿನಕ್ಕೆ ಅರ್ಧ ಲೀಟರ್: 720
- ಎಣ್ಣೆ 3 ಲೀಟರ್: 450
- ಬೆಲ್ಲ, ಸಕ್ಕರೆ ಸೇರಿ 2 ಕೆಜಿ: 100
- ಸೊಪ್ಪು, ತರಕಾರಿ, ಹಣ್ಣು ದಿನಕ್ಕೆ 40ರಂತೆ: 1,200
- ಈರುಳ್ಳಿ, ಬೆಳ್ಳುಳ್ಳಿ, ಹುಣಸೆ, ಮೆಣಸಿನಕಾಯಿ, ಕಾಯಿ, ಅಯೋಡಿನ್ ಉಪ್ಪು: 600

ಒಟ್ಟು 4,980. ಗ್ಯಾಸ್ ಬೇರೆ. ಅಷ್ಟು ಆಗದ ತಿಂಗಳು ಯಾವುದನ್ನು ಕತ್ತರಿಸಬೇಕು ಎಂಬುದಕ್ಕೂ ಕ್ರಮ ಇದೆ. ಮೊದಲು ಎಣ್ಣೆ ಒಂದು ಲೀಟರ್ ಇಳಿಸಿ (150 ಉಳಿತಾಯ). ತೊಗರಿಬೇಳೆ ಒಂದು ಕೆಜಿ ಬಿಟ್ಟು ಅದರ ಜಾಗಕ್ಕೆ ಹುರುಳಿ ಹಾಕಿ (50). ಬೀನ್ಸ್, ಹೂಕೋಸು ಬಿಟ್ಟು ಸೊಪ್ಪು, ಕುಂಬಳ, ಮೂಲಂಗಿಯಲ್ಲಿ ದಿನಕ್ಕೆ 25ಕ್ಕೆ ನಿಲ್ಲಿಸಿ (450). ಕೊನೆಗೆ ಹಾಲು ಅರ್ಧಕ್ಕೆ ಇಳಿಸಿ, ಇದ್ದ ಹಾಲನ್ನು ದೊಡ್ಡವರ ಟೀಗೆ ಹಾಕದೆ ಮಕ್ಕಳಿಗೆ ಕೊಡಿ (360). ನಾಲ್ಕು ಸಾವಿರದೊಳಗೆ ಬಂದಿರಿ. ಹುರುಳಿ, ಕಡಲೆಕಾಯಿ, ಮೊಟ್ಟೆ ಇವಿಷ್ಟಕ್ಕೆ ಮಾತ್ರ ಕೈ ಹಾಕಬೇಡಿ. ಬಹಳ ಮನೆಗಳಲ್ಲಿ ಇದು ತಿರುಗುಮುರುಗಾಗಿ ನಡೆಯುತ್ತದೆ, ಕಷ್ಟದ ತಿಂಗಳು ಮೊದಲು ನಿಲ್ಲುವುದೇ ಕಾಳು ಮತ್ತು ಮೊಟ್ಟೆ.

ದಿನಗೂಲಿ ಬರುವವರಿಗೆ ತಿಂಗಳ ಸಾಮಾನು ಒಟ್ಟಿಗೆ ತರಲು ಆಗದು. ವಾರದ ಬಟವಾಡೆಯ ದಿನ ಬೇರೇನು ಕೊಳ್ಳುವ ಮೊದಲು ಅರ್ಧ ಕೆಜಿ ಹುರುಳಿ, ಅರ್ಧ ಕೆಜಿ ಕಡಲೆಕಾಯಿ ಬೀಜ, ಹನ್ನೆರಡು ಮೊಟ್ಟೆ ತೆಗೆದಿಟ್ಟುಬಿಡಿ. ಐವತ್ತು ಗ್ರಾಂ, ನೂರು ಗ್ರಾಂ ಪೊಟ್ಟಣದಲ್ಲಿ ಕೊಳ್ಳುವ ಬೇಳೆ ಕೆಜಿ ಲೆಕ್ಕಕ್ಕೆ ಯಾವಾಗಲೂ ದುಬಾರಿ ಬೀಳುತ್ತದೆ. ಎರಡು ಮೂರು ಮನೆಯವರು ಸೇರಿ ಐದು ಕೆಜಿ ತಂದು ಹಂಚಿಕೊಳ್ಳುವುದು ಇದಕ್ಕೆ ದಾರಿ.

ಒಂದು ಪಾತ್ರೆಯಲ್ಲಿ ಸಾರೂ ಪಲ್ಯವೂ: ಬಸ್ಸಾರು

ಕಾಳು, ಸೊಪ್ಪು, ಗ್ಯಾಸು ಮೂರನ್ನೂ ಪೂರ್ತಿ ಬಳಸಿಕೊಳ್ಳುವ ಅಡಿಗೆ ಬಸ್ಸಾರು. ಹಳ್ಳಿಯ ಅಜ್ಜಿಯರಿಗೆ ಇದನ್ನು ಹೇಳಿಕೊಡುವ ಅಗತ್ಯ ಇಲ್ಲ. ಬಾಡಿಗೆ ರೂಮಿನಲ್ಲಿ ಹೊಸದಾಗಿ ಒಲೆ ಹೂಡಿದವರಿಗೆ ಅಳತೆ ಸಹಿತ ಇಲ್ಲಿದೆ, ನಾಲ್ಕು ಜನರಿಗೆ.

ಅಲಸಂದೆ, ಹೆಸರು ಅಥವಾ ಹುರುಳಿ ಯಾವುದಾದರೂ 200 ಗ್ರಾಂ (ಒಂದು ಲೋಟ) ರಾತ್ರಿಯೇ ನೆನೆಹಾಕಿ. ಬೆಳಿಗ್ಗೆ ಒಂದೂವರೆ ಲೀಟರ್ ನೀರಿನಲ್ಲಿ ಬೇಯಿಸಿ. ಕುಕ್ಕರಿನಲ್ಲಿ ಹೆಸರಿಗೆ ಒಂದು ಕೂಗು, ಅಲಸಂದೆಗೆ ಎರಡು, ಹುರುಳಿಗೆ ನಾಲ್ಕೈದು. ಬೆರಳಲ್ಲಿ ಒತ್ತಿದರೆ ಮೆದುವಾಗಬೇಕು, ಕರಗಬಾರದು. ಕುಕ್ಕರ್ ತೆಗೆದು ಒಂದು ದೊಡ್ಡ ಕಟ್ಟು ದಂಟಿನ ಸೊಪ್ಪನ್ನೋ ಬೆರಕೆ ಸೊಪ್ಪನ್ನೋ ಹೆಚ್ಚಿ ಹಾಕಿ, ಎಳೆ ದಂಟನ್ನೂ ಸೇರಿಸಿ, ಐದಾರು ನಿಮಿಷ ಕುದಿಸಿ, ಉಪ್ಪು ಹಾಕಿ. ಈಗ ಬಸಿಯಿರಿ. ಒಂದು ಲೀಟರಿನಷ್ಟು ಕಟ್ಟು (ಬಸಿದ ನೀರು) ಇಳಿಯುತ್ತದೆ.

ಬಾಣಲೆಯಲ್ಲಿ ಒಂದು ಚಮಚ ಎಣ್ಣೆಗೆ ಒಣಮೆಣಸಿನಕಾಯಿ ಆರು, ಬೆಳ್ಳುಳ್ಳಿ ಎಂಟು ಎಸಳು, ಒಂದು ಈರುಳ್ಳಿ, ಒಂದು ಚಮಚ ಧನಿಯಾ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ಹಾಕಿ ಹುರಿಯಿರಿ. ಎರಡು ಚಮಚ ಕಾಯಿತುರಿ, ಸಣ್ಣ ನಿಂಬೆಯಷ್ಟು ಹುಣಸೆಹಣ್ಣು, ಬಸಿದ ಕಾಳು-ಸೊಪ್ಪಿನಿಂದ ಒಂದು ಸೌಟು ಸೇರಿಸಿ ನುಣ್ಣಗೆ ರುಬ್ಬಿ. ಸಾರಿಗೆ ಮೈ ಕೊಡುವುದು ಆ ಒಂದು ಸೌಟು ಕಾಳೇ. ಅದನ್ನು ಬಿಟ್ಟರೆ ಸಾರು ನೀರುನೀರಾಗುತ್ತದೆ, ಆಮೇಲೆ ಎಷ್ಟು ಕಾಯಿ ಹಾಕಿದರೂ ಸರಿಹೋಗುವುದಿಲ್ಲ. ರುಬ್ಬಿದ್ದನ್ನು ಕಟ್ಟಿಗೆ ಕಲಸಿ ಎಂಟು ಹತ್ತು ನಿಮಿಷ ಕುದಿಸಿದರೆ ಸಾರು ಆಯಿತು. ಉಳಿದ ಕಾಳು-ಸೊಪ್ಪಿಗೆ ಸಾಸಿವೆ ಒಗ್ಗರಣೆ ಕೊಟ್ಟು, ಹುರಿದ ಕಡಲೆಕಾಯಿ ಪುಡಿಯನ್ನೋ ಹುಚ್ಚೆಳ್ಳು ಪುಡಿಯನ್ನೋ ಎರಡು ಚಮಚ ಉದುರಿಸಿದರೆ ಪಲ್ಯ. ತಟ್ಟೆಗೆ ಬಡಿಸಿದ ಮೇಲೆ ನಿಂಬೆರಸ ಹಿಂಡಿ. ಸೊಪ್ಪು, ರಾಗಿಯಲ್ಲಿರುವ ಕಬ್ಬಿಣವನ್ನು ಮೈ ಹೀರಿಕೊಳ್ಳಲು ಸಿ ಜೀವಸತ್ವ ಬೇಕು, ಮತ್ತು ಆ ಸತ್ವ ಕುದಿಸಿದರೆ ಉಳಿಯುವುದಿಲ್ಲ.

ಎಲ್ಲಿ ಕೆಡುತ್ತದೆ? ಸೊಪ್ಪನ್ನು ಕಾಳಿನ ಜೊತೆಗೇ ಕುಕ್ಕರಿಗೆ ಹಾಕಿದರೆ ಬಣ್ಣವೂ ಸತ್ವವೂ ಹೋಗುತ್ತದೆ. ಹುಣಸೆ, ಟೊಮ್ಯಾಟೊ ಮೊದಲೇ ಬಿದ್ದರೆ ಕಾಳು ಬೇಯುವುದಿಲ್ಲ, ಹುಳಿಗೆ ಸಿಪ್ಪೆ ಗಟ್ಟಿಯಾಗುತ್ತದೆ. ಇನ್ನು ನಮ್ಮ ಕಡೆಯ ದೊಡ್ಡ ತೊಂದರೆ ಕೊಳವೆ ಬಾವಿಯ ಗಡಸು ನೀರು. ಎಷ್ಟು ಕೂಗಿಸಿದರೂ ಬೇಳೆ ಕರಗುವುದಿಲ್ಲ, ಗ್ಯಾಸ್ ಮುಗಿಯುತ್ತದೆ. ನೀರಿನಲ್ಲಿರುವ ಸುಣ್ಣದ ಅಂಶ ಕಾಳಿನ ಸಿಪ್ಪೆಯನ್ನು ಬಿಗಿ ಮಾಡುವುದೇ ಕಾರಣ. ಸೋಡಾ ಹಾಕಿದರೆ ಬೇಗ ಬೇಯುತ್ತದೆ ನಿಜ, ಆದರೆ ಬಿ1 ಜೀವಸತ್ವ ನಾಶವಾಗುತ್ತದೆ. ನೆನೆಹಾಕಲು ಮತ್ತು ಬೇಯಿಸಲು ಶುದ್ಧ ನೀರಿನ ಘಟಕದಿಂದ ತಂದ ನೀರನ್ನೇ ಬಳಸಿ. ಕ್ಯಾನಿಗೆ ಕೊಡುವ ದುಡ್ಡು ಗ್ಯಾಸಿನಲ್ಲಿ ವಾಪಸ್ ಬರುತ್ತದೆ.

ರಾಗಿ: ಕೊಳ್ಳುವುದು, ಬೀಸಿಸುವುದು, ಮೊಳಕೆ ಕಟ್ಟುವುದು

ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಪಾಲಿಶ್ ಅಕ್ಕಿಯಲ್ಲಿ ಹತ್ತೂ ಇಲ್ಲ. ಹಾಲು ಕೊಳ್ಳಲು ಶಕ್ತಿ ಇಲ್ಲದ ಮನೆಗೆ ದಿನಕ್ಕೆ ಒಂದು ಹೊತ್ತು ಮುದ್ದೆ ಬಹಳ ದೊಡ್ಡ ಆಸರೆ. ಆದರೆ ಮುದ್ದೆ ತಿಂದವರಿಗೆ ಸಕ್ಕರೆ ಕಾಯಿಲೆ ಬರುವುದಿಲ್ಲ ಎನ್ನುವ ಮಾತು ನಂಬಬೇಡಿ. ಸಕ್ಕರೆ ಕಾಯಿಲೆ ಇರುವವರು ಮುದ್ದೆಯನ್ನೂ ಅಳತೆಯಲ್ಲೇ ತಿನ್ನಬೇಕು, ಜೊತೆಗೆ ಕಾಳು-ಸೊಪ್ಪು ಹೆಚ್ಚಿರಬೇಕು.

ಕೊಯ್ಲು ಮುಗಿದು ಕಣ ಆದ ಮೇಲೆ, ಡಿಸೆಂಬರ್-ಜನವರಿಯಲ್ಲಿ, ಹಳ್ಳಿಯಲ್ಲಿ ಪರಿಚಯದ ರೈತರಿದ್ದರೆ ನೇರವಾಗಿ ಚೀಲ ಕೊಳ್ಳಿ. ಕಾಳು ರಾಗಿ ಒಣಗಿದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ. ಹಿಟ್ಟು ಮಾತ್ರ ತಿಂಗಳ ಮೇಲೆ ಇಟ್ಟರೆ ಮುಗ್ಗಲು ಬರುತ್ತದೆ. ಹಾಗಾಗಿ ಒಂದು ಸಲಕ್ಕೆ ಮೂರು ನಾಲ್ಕು ಕೆಜಿ ಮಾತ್ರ ಬೀಸಿಸಿ. ಹಿಟ್ಟು ತೀರಾ ಬೆಳ್ಳಗೆ ಆಗಲೆಂದು ತೌಡು ಜರಡಿ ಹಿಡಿದು ಚೆಲ್ಲಬೇಡಿ.

ಚಿಕ್ಕ ಮಕ್ಕಳ ರಾಗಿ ಸರಿಗೆ, ಗರ್ಭಿಣಿಯರಿಗೆ ಮೊಳಕೆ ರಾಗಿ ಉತ್ತಮ. ಮೊಳಕೆ ಬರುವಾಗ ಕಬ್ಬಿಣ, ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುವ ಫೈಟೇಟ್ ಅಂಶ ಕಡಿಮೆಯಾಗುತ್ತದೆ. ಒಂದು ಕೆಜಿ ರಾಗಿಯನ್ನು ಕಲ್ಲು ಹೋಗುವಂತೆ ಜಾಲಿಸಿ, ಹತ್ತು ಹನ್ನೆರಡು ಗಂಟೆ ನೆನೆಸಿ, ನೀರು ಪೂರ್ತಿ ಬಸಿದು ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿಡಿ. ಬೇಸಿಗೆಯಲ್ಲಿ ಒಂದು ದಿನಕ್ಕೆ, ಚಳಿಗಾಲದಲ್ಲಿ ಒಂದೂವರೆ ದಿನಕ್ಕೆ ಬಿಳಿ ಮೊಳಕೆ ಇಣುಕುತ್ತದೆ. ಅಷ್ಟಕ್ಕೇ ನಿಲ್ಲಿಸಿ. ತೆಳ್ಳಗೆ ಹರಡಿ, ಕೈಯಲ್ಲಿ ಉಜ್ಜಿದರೆ ಮೊಳಕೆ ಪುಡಿಯಾಗಿ ಉದುರುವವರೆಗೆ ಬಿಸಿಲಲ್ಲಿ ಒಣಗಿಸಿ, ಸಣ್ಣ ಉರಿಯಲ್ಲಿ ಘಮ್ಮೆನ್ನುವಂತೆ ಹುರಿದು ಬೀಸಿಸಿ. ಕಟ್ಟಿಟ್ಟ ಗಂಟು ಹುಳಿ ವಾಸನೆ ಬಂದು ಲೋಳೆಯಾದರೆ ನೀರು ಸರಿಯಾಗಿ ಬಸಿದಿಲ್ಲ ಎಂದರ್ಥ; ಬೂಷ್ಟು ಕಂಡರೆ ಪೂರ್ತಿ ಚೆಲ್ಲಿ, ತೊಳೆದು ಉಪಯೋಗಿಸಲು ಹೋಗಬೇಡಿ.

ಪಾಳಿ ಕೆಲಸದವರಿಗೆ ಬೆಳಿಗ್ಗೆ ಟೀ-ಬನ್ನಿಗೆ ಬದಲಾಗಿ ಅಂಬಲಿ ಸಾಕು. ನಾಲ್ಕು ದೊಡ್ಡ ಚಮಚ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದೆ ಕಲಸಿ, ಕುದಿಯುವ ಒಂದು ಲೀಟರ್ ನೀರಿಗೆ ಹಾಕಿ ಹತ್ತು ನಿಮಿಷ ಕೈಯಾಡಿಸಿ. ರಾತ್ರಿ ಮುಚ್ಚಿಟ್ಟು ಬೆಳಿಗ್ಗೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಬೆರೆಸಿ ಬಾಟಲಿಗೆ ತುಂಬಿಕೊಂಡು ಹೋಗಿ.

ಸೊಪ್ಪು ಮತ್ತು ಸಂತೆ

ನುಗ್ಗೆ, ಕೀರೆ, ದಂಟು, ಹೊನಗೊನ್ನೆ, ಗಣಿಕೆ, ಅಣ್ಣೆ ಸೊಪ್ಪು, ಹೊಲದ ಬದುವಿನಲ್ಲಿ ಆರಿಸಿದ ಬೆರಕೆ ಸೊಪ್ಪು, ಇವೆಲ್ಲ ಪೇಟೆಯ ಹೂಕೋಸು, ಕ್ಯಾಪ್ಸಿಕಂಗಿಂತ ಅಗ್ಗ, ಸತ್ವದಲ್ಲಿ ಹೆಚ್ಚು. ಆರಿಸುವವರು ಕಳೆನಾಶಕ ಹೊಡೆದ ಹೊಲ, ಚರಂಡಿ ಪಕ್ಕ, ದೊಡ್ಡ ರಸ್ತೆಯ ಅಂಚು ಬಿಟ್ಟು ಆರಿಸಿ. ಬೇರು ಕತ್ತರಿಸಿ, ಹೆಚ್ಚುವ ಮೊದಲೇ ಮೂರು ನೀರಲ್ಲಿ ಮುಳುಗಿಸಿ ತೊಳೆಯಿರಿ. ಹೆಚ್ಚಿದ ಮೇಲೆ ತೊಳೆದರೆ ಸತ್ವ ನೀರಿಗೆ ಹೋಗುತ್ತದೆ. ಹಿತ್ತಲಲ್ಲಿ ನಾಲ್ಕಡಿ ಜಾಗ ಇದ್ದರೆ ನುಗ್ಗೆಯ ಕೊಂಬೆ ನೆಡಿ. ಜಾಗ ಇಲ್ಲದವರು ಹರಿದ ಸಿಮೆಂಟ್ ಚೀಲಕ್ಕೆ ಮಣ್ಣು, ಸಗಣಿ ಗೊಬ್ಬರ ತುಂಬಿ ಅಡಿಗೆಮನೆಯ ಮೆಂತ್ಯವನ್ನೇ ಚೆಲ್ಲಿದರೆ ಇಪ್ಪತ್ತು ಇಪ್ಪತ್ತೈದು ದಿನಕ್ಕೆ ಕೀಳಬಹುದು.

ಸಂತೆಗೆ ಮುಗಿಯುವ ಹೊತ್ತಿಗೆ ಹೋದರೆ ಬೆಲೆ ಇಳಿದಿರುತ್ತದೆ. ಹಣ್ಣಾದ ಮೆತ್ತನೆ ಟೊಮ್ಯಾಟೊ ತಗೊಳ್ಳಿ, ಕಪ್ಪು ಚುಕ್ಕೆ ಬಿದ್ದು ಬೂಷ್ಟು ಹಿಡಿದದ್ದು ಬೇಡ. ಕೋಲಾರದ ಟೊಮ್ಯಾಟೊ ಬೆಲೆಯ ಏರಿಳಿತ ಎಲ್ಲರಿಗೂ ಗೊತ್ತು: 2023ರ ಜುಲೈನಲ್ಲಿ 15 ಕೆಜಿಯ ಬಾಕ್ಸು ಎರಡು ಸಾವಿರ ದಾಟಿತ್ತು, ಸುಗ್ಗಿಯಲ್ಲಿ ಅದೇ ಟೊಮ್ಯಾಟೊವನ್ನು ರೈತರು ರಸ್ತೆಗೆ ಸುರಿಯುತ್ತಾರೆ. ಅಗ್ಗವಾದಾಗ ಐದು ಕೆಜಿ ತಂದು ತೆಳ್ಳಗೆ ಹೆಚ್ಚಿ, ಉಪ್ಪು ಸವರಿ, ಎರಡು ಮೂರು ದಿನ ಕಡು ಬಿಸಿಲಲ್ಲಿ ತೆಳು ಬಟ್ಟೆ ಮುಚ್ಚಿ ಒಣಗಿಸಿ. ಮಡಚಿದರೆ ಚರ್ಮದಂತೆ ಬಾಗಿ ನೀರು ಜಿನುಗದಿದ್ದರೆ ಡಬ್ಬಿಗೆ ತುಂಬಬಹುದು. ತುಟ್ಟಿಯಾದಾಗ ಹುಣಸೆಗೆ ತಿರುಗಿ. ಆಗ ಸಿ ಜೀವಸತ್ವಕ್ಕೆ ಸೀಬೆಹಣ್ಣು, ನೆಲ್ಲಿಕಾಯಿ, ನಿಂಬೆ. ಒಂದು ಸೀಬೆಹಣ್ಣು ಒಬ್ಬರ ಇಡೀ ದಿನದ ಅಗತ್ಯಕ್ಕೆ ಮೀರಿ ಕೊಡುತ್ತದೆ, ಸೇಬಿಗೆ ದುಡ್ಡು ಸುರಿಯಬೇಕಿಲ್ಲ.

ಅವರೆಕಾಯಿ ಸುಗ್ಗಿಯಲ್ಲಿ ಹಿತಕಿದ ಬೇಳೆ ತಿಂದು ತೃಪ್ತಿಪಡುವುದರ ಜೊತೆಗೆ, ಅಗ್ಗವಾದ ವಾರ ಕಾಳು ಬಿಡಿಸಿ ಒಣಗಿಸಿಟ್ಟರೆ ಮಳೆಗಾಲದವರೆಗೆ ಬರುತ್ತದೆ.

ಪೊಟ್ಟಣದ ಹಿಂಬದಿ ಓದುವುದು

ಮುಂಬದಿಯ ಚಿತ್ರ ಬಿಡಿ, ಹಿಂಬದಿಯ ಸಣ್ಣಕ್ಷರ ನೋಡಿ. ಪದಾರ್ಥಗಳನ್ನು ತೂಕದಲ್ಲಿ ಹೆಚ್ಚಿರುವುದರಿಂದ ಕಡಿಮೆಗೆ ಬರೆಯಬೇಕೆಂಬ ನಿಯಮ ಇದೆ. ಮೊದಲ ಮೂರು ಹೆಸರಲ್ಲಿ 'ರಿಫೈನ್ಡ್ ವೀಟ್ ಫ್ಲೋರ್' (ಇದೇ ಮೈದಾ), ಸಕ್ಕರೆ, 'ಪಾಮ್ ಆಯಿಲ್' ಅಥವಾ 'ಪಾಮೊಲಿನ್' ಇದ್ದರೆ ಹೆಸರು ರಾಗಿ ಬಿಸ್ಕತ್ತು ಎಂದಿದ್ದರೂ ಅದು ಮೈದಾ ಬಿಸ್ಕತ್ತೇ. ರಾಗಿ ಎಷ್ಟು ಶೇಕಡಾ ಎಂದು ಹುಡುಕಿ ನೋಡಿ. 'ಇನ್ವರ್ಟ್ ಸಿರಪ್', 'ಲಿಕ್ವಿಡ್ ಗ್ಲೂಕೋಸ್', 'ಮಾಲ್ಟೊಡೆಕ್ಸ್ಟ್ರಿನ್' ಇವೆಲ್ಲ ಸಕ್ಕರೆಯ ಬಳಗ. ಸಾಧಾರಣ ಗ್ಲೂಕೋಸ್ ಬಿಸ್ಕತ್ತಿನಲ್ಲಿ ನೂರು ಗ್ರಾಂಗೆ ಕಾಲು ಪಾಲು ಸಕ್ಕರೆಯೇ.

ಉಪ್ಪಿನ ಲೆಕ್ಕಕ್ಕೆ ಸೋಡಿಯಂ ನೋಡಿ, ಎರಡೂವರೆಯಿಂದ ಗುಣಿಸಿ. ನೂಡಲ್ಸ್ ಪ್ಯಾಕೆಟ್ಟಿನಲ್ಲಿ ಸೋಡಿಯಂ 900 ಮಿಲಿಗ್ರಾಂ ಎಂದಿದ್ದರೆ ಸುಮಾರು ಎರಡೂಕಾಲು ಗ್ರಾಂ ಉಪ್ಪು, ದಿನದ ಮಿತಿಯ ಅರ್ಧದ ಹತ್ತಿರ. ತರಲೇಬೇಕಾದ ದಿನ ಮಸಾಲೆ ಪೊಟ್ಟಣ ಅರ್ಧ ಮಾತ್ರ ಹಾಕಿ, ಒಂದು ಮೊಟ್ಟೆ, ಒಂದು ಹಿಡಿ ಸೊಪ್ಪು ಸೇರಿಸಿ. ಎಣ್ಣೆಯನ್ನು ಪೀಪಾಯಿಯಿಂದ ಅಳೆದು ಕೊಡುವ ಕಡೆ ಕೊಳ್ಳಬೇಡಿ, ಏನು ಬೆರೆತಿದೆ ಎಂದು ತಿಳಿಯುವ ದಾರಿಯೇ ಇಲ್ಲ.

ಹುಳ, ಬೂಷ್ಟು

ಕಾಳಿಗೆ ಹುಳ ಬಿದ್ದರೆ ತಿಂಗಳ ಲೆಕ್ಕವೆಲ್ಲ ಮಣ್ಣುಪಾಲು. ತಂದ ಕಾಳನ್ನು ಎರಡು ದಿನ ಬಿಸಿಲಿಗೆ ಹಾಕಿ, ತಣ್ಣಗಾದ ಮೇಲೆ ಕೆಜಿಗೆ ಒಂದು ಚಮಚ ಹರಳೆಣ್ಣೆ ಸವರಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಬಿಸಿ ಇರುವಾಗಲೇ ತುಂಬಿದರೆ ಒಳಗೆ ಬೆವರಿ ಬೂಷ್ಟು ಬರುತ್ತದೆ. ಗೋದಾಮಿನಲ್ಲಿ ಹುಳಕ್ಕೆ ಇಡುವ ಮಾತ್ರೆಯನ್ನು ಮನೆಯ ಡಬ್ಬಿಗೆ ಯಾವ ಕಾರಣಕ್ಕೂ ಹಾಕಬೇಡಿ, ಅದರಿಂದ ಏಳುವ ಗಾಳಿ ಮಲಗಿದವರ ಪ್ರಾಣ ತೆಗೆಯುತ್ತದೆ. ಕಡಲೆಕಾಯಿ ಬೀಜದಲ್ಲಿ ಮುದುಡಿದ್ದು, ಕಪ್ಪಾದದ್ದು, ಹಸಿರು ಬೂಷ್ಟಿನದು ಆರಿಸಿ ಎಸೆಯಿರಿ. ಆ ಬೂಷ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ, ಲಿವರಿಗೆ ಕುತ್ತು.

ನೀರಿನ ಫ್ಲೋರೈಡ್

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಆಳದ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಾಗ ಒಂದೂವರೆಯವರೆಗೆ. ಮಿತಿ ಮೀರಿದ ನೀರು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಹಳದಿ-ಕಂದು ಪಟ್ಟೆ ಬೀಳುತ್ತದೆ, ದೊಡ್ಡವರ ಬೆನ್ನು-ಮೂಳೆ ಬಿಗಿಯುತ್ತದೆ. ಕಾಯಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತದೆ. ಮುದ್ದೆ, ಅನ್ನ, ಸಾರು ನೀರನ್ನು ಹೀರಿಕೊಳ್ಳುವುದರಿಂದ ಅಡಿಗೆಗೂ ಘಟಕದ ನೀರೇ ಬೇಕು. ಕ್ಯಾಲ್ಸಿಯಂ, ಸಿ ಜೀವಸತ್ವ ಸಾಲದ ಮೈಗೆ ಫ್ಲೋರೈಡ್ ಏಟು ಜಾಸ್ತಿ. ರಾಗಿ, ಹಾಲು, ಸೊಪ್ಪು, ನೆಲ್ಲಿಕಾಯಿ ಈ ಸೀಮೆಯ ಮಕ್ಕಳಿಗೆ ಇನ್ನೂ ಹೆಚ್ಚು ಬೇಕಾಗಿರುವುದು ಇದಕ್ಕೇ.

ಪುಕ್ಕಟೆ ಬರುವುದನ್ನು ಬಿಡಬೇಡಿ

ಅಂಗನವಾಡಿಯಲ್ಲಿ ಹೆಸರು ಬರೆಸಿದ ಗರ್ಭಿಣಿ, ಬಾಣಂತಿಯರಿಗೆ ಮಾತೃಪೂರ್ಣ ಯೋಜನೆಯಡಿ ಮಧ್ಯಾಹ್ನದ ಬಿಸಿಯೂಟ, ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೆ ಪೌಷ್ಟಿಕ ಆಹಾರ ಇದೆ. ಸರ್ಕಾರಿ, ಅನುದಾನಿತ ಶಾಲೆಯಲ್ಲಿ ಬಿಸಿಯೂಟ, ಕ್ಷೀರಭಾಗ್ಯದ ಹಾಲು, ಮೊಟ್ಟೆ ಅಥವಾ ಬಾಳೆಹಣ್ಣು. ಶಾಲೆಯಲ್ಲಿ ಮೊಟ್ಟೆ ತಿನ್ನುವ ಮಗು ಮನೆಯಲ್ಲಿ ಒಂದು ಕಡಿಮೆ ತಿಂದರೂ ನಡೆಯುತ್ತದೆ, ಆ ಮೊಟ್ಟೆ ತಾಯಿಯ ತಟ್ಟೆಗೆ ಬರಲಿ. ಎಲ್ಲರಿಗೂ ಬಡಿಸಿ ಉಳಿದದ್ದು ತಿನ್ನುವ ಹೆಣ್ಣುಮಕ್ಕಳಿಗೇ ರಕ್ತ ಕಡಿಮೆ ಇರುವುದು. ಪಟ್ಟಣದಲ್ಲಿ ಕೆಲಸ ಹುಡುಕಿ ಬಂದ ದಿನ ಇಂದಿರಾ ಕ್ಯಾಂಟೀನಿನಲ್ಲಿ ಐದು ರೂಪಾಯಿಗೆ ತಿಂಡಿ, ಹತ್ತಕ್ಕೆ ಊಟ ಸಿಗುತ್ತದೆ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದ ಹಿಮೋಗ್ಲೋಬಿನ್ ದುಡ್ಡಿಲ್ಲದೆ ನೋಡುತ್ತಾರೆ. ಗರ್ಭಿಣಿಯಲ್ಲದ ಹೆಂಗಸಿಗೆ 12, ಗರ್ಭಿಣಿಗೆ 11 ಗ್ರಾಂಗಿಂತ ಕಡಿಮೆ ಇದ್ದರೆ ಊಟದ ಜೊತೆ ಕಬ್ಬಿಣದ ಮಾತ್ರೆಯೂ ಬೇಕು. ಮಾತ್ರೆ ನುಂಗಿದ ಮೇಲೂ, ಊಟದ ಮೇಲೂ ಒಂದು ಗಂಟೆ ಟೀ, ಕಾಫಿ ಮುಟ್ಟಬೇಡಿ. ಟೀಯಲ್ಲಿರುವ ಒಗರು ಅಂಶ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಮಲ ಕಪ್ಪಗಾದರೆ ಗಾಬರಿ ಬೇಡ, ಮಾತ್ರೆಯಿಂದ ಹಾಗಾಗುತ್ತದೆ. ಹೊಟ್ಟೆ ತೊಳೆಸಿದರೆ ಮಾತ್ರೆ ನಿಲ್ಲಿಸದೆ ರಾತ್ರಿ ಊಟದ ಮೇಲೆ ತೆಗೆದುಕೊಂಡು ನೋಡಿ. ಮಕ್ಕಳಿಗೆ ಶಾಲೆ, ಅಂಗನವಾಡಿಯಲ್ಲಿ ಕೊಡುವ ಜಂತುಹುಳದ ಮಾತ್ರೆಯನ್ನೂ ತಪ್ಪಿಸಬೇಡಿ. ಹೊಟ್ಟೆಯಲ್ಲಿ ಹುಳ ಇದ್ದರೆ ತಿಂದ ಕಾಳು, ಮೊಟ್ಟೆಯ ಸತ್ವದಲ್ಲಿ ಒಂದು ಪಾಲು ಅವಕ್ಕೇ ಹೋಗುತ್ತದೆ.